“ತಾಯಿ ವಿಫಲ” ಎಂದು ಬರೆಯುವ ಮುನ್ನ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ, ಒಂದೇ ಬಗೆಯ ಕೆಲವು ಪ್ರಕರಣಗಳು ಇಲ್ಲಿ ಬೆರೆತಿವೆ.)

ತಾಯಿಗೆ 29 ವರ್ಷ, ಗಾರ್ಮೆಂಟ್ಸ್ ಕೆಲಸ. ತಂದೆ ಗೂಡ್ಸ್ ಆಟೊ ಓಡಿಸುತ್ತಾರೆ. ಮಗಳಿಗೆ 9, ಮಗನಿಗೆ 4. ಮಗಳು ತರಗತಿಯಲ್ಲಿ ತೂಕಡಿಸುತ್ತಿದ್ದಳು. ಸೋಮವಾರ ಬಂದರೆ ಹೊಟ್ಟೆನೋವು. ಮುಂಗೈ ಮೇಲಿನ ಬಾಸುಂಡೆ ನೋಡಿ ಶಿಕ್ಷಕಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ಮಕ್ಕಳ ಕಲ್ಯಾಣ ಸಮಿತಿಗೆ ಸಲ್ಲಿಸಲು ಸಿದ್ಧವಾದ ಕರಡು ವರದಿಯ ಕೊನೆಯಲ್ಲಿ ಹೀಗಿತ್ತು: “ಮಕ್ಕಳನ್ನು ರಕ್ಷಿಸುವಲ್ಲಿ ತಾಯಿ ವಿಫಲರಾಗಿದ್ದಾರೆ. ಬಾಲಮಂದಿರಕ್ಕೆ ದಾಖಲಿಸಬಹುದು.” ತಂದೆಯ ಬಗ್ಗೆ ಇದ್ದದ್ದು ಒಂದೇ ಸಾಲು: “ಕುಡಿತದ ಅಭ್ಯಾಸವಿದೆ.” ಕೌಟುಂಬಿಕ ದೌರ್ಜನ್ಯದ ಆಪ್ತಸಮಾಲೋಚಕರ ಕೈಗೆ ಕಡತ ಬಂದದ್ದು ಈ ಹಂತದಲ್ಲಿ.

ಅದಕ್ಕೂ ಮೊದಲೇ ಒಂದು ಎಡವಟ್ಟಾಗಿತ್ತು. ಹಿರಿಯರು ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸಿದ್ದರು. ಅಲ್ಲಿ ಆಕೆ ಹೇಳಿದ ಮಾತಿಗೆ ಅಂದೇ ರಾತ್ರಿ ಮನೆಯಲ್ಲಿ ಲೆಕ್ಕ ಚುಕ್ತಾ ಆಯಿತು. ದೌರ್ಜನ್ಯ ನಡೆಯುತ್ತಿರುವ ಮನೆಯ ವಿಷಯದಲ್ಲಿ ಜಂಟಿ ಸಮಾಲೋಚನೆ ಬೇಡ ಎನ್ನುವುದು ಇದಕ್ಕೇ. ನ್ಯಾಯಾಲಯದ ನಿರ್ದೇಶನದಂತೆ ನಡೆಯುವ ಸಮಾಲೋಚನೆಯಲ್ಲೂ ಹೊಡೆದದ್ದಕ್ಕೆ ಸಮರ್ಥನೆ ಕೊಡಲು ಅವಕಾಶವಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿಯ 2006ರ ನಿಯಮಾವಳಿಯ 14ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. “ಅವಳು ಎದುರು ಮಾತಾಡಿದಳು, ಅದಕ್ಕೆ” ಎಂಬ ಮಾತು ಬಂದ ಕೂಡಲೇ ತಡೆಯಬೇಕು.

ತಾಯಿಯನ್ನು ಭೇಟಿ ಮಾಡಿದ್ದು ಶಾಲೆಯಲ್ಲಿ, ಹಾಜರಾತಿಯ ನೆಪದಲ್ಲಿ. “ಹೊಡೆತ ಎಷ್ಟು ಸಲ?” ಎಂದು ಕೇಳಿದರೆ “ಆಗಾಗ” ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಸಾಬೀತಾಗದು. ಹಬ್ಬ, ಸಂಬಳದ ದಿನ, ಮಗುವಿನ ಜ್ವರ ಇಂಥವನ್ನು ಹಿಡಿದು ಕೇಳಿದರೆ ದಿನಾಂಕಗಳು ತಾವಾಗಿ ಹೊರಬರುತ್ತವೆ. ಕುತ್ತಿಗೆಯ ವಿಷಯವನ್ನು ಬಿಡಿಸಿ ಕೇಳಬೇಕು: ಕುತ್ತಿಗೆ ಹಿಸುಕಿದ್ದರೇ? ಕಣ್ಣು ಕತ್ತಲಿಟ್ಟಿತೇ? ಧ್ವನಿ ಒಡೆಯಿತೇ, ನುಂಗುವಾಗ ನೋವಿತ್ತೇ? ಚರ್ಮದ ಮೇಲೆ ಗುರುತೇ ಉಳಿಯದಿರಬಹುದು, ಆದರೂ ಮುಂದೆ ಜೀವಕ್ಕೇ ಅಪಾಯವಿದೆ ಎನ್ನುವುದಕ್ಕೆ ಇದಕ್ಕಿಂತ ಗಂಭೀರ ಸೂಚನೆ ಕಡಿಮೆ. ಇಲ್ಲಿ ಉತ್ತರ ಹೌದು ಎಂದಿತ್ತು. ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸಲಾಯಿತು.

ಇನ್ನು ಕುಡಿತ. ಆತ ಒಡೆದದ್ದು ಹೆಂಡತಿಯ ಮೊಬೈಲ್, ತನ್ನದಲ್ಲ. ಆಟೊ ಮಾಲೀಕರ ಮೇಲೆ ಎಂದೂ ಕೈ ಎತ್ತಿದವನಲ್ಲ. ಆಕೆಯ ಎಟಿಎಂ ಕಾರ್ಡ್ ಆತನ ಜೇಬಿನಲ್ಲಿ, ಗೃಹಲಕ್ಷ್ಮಿಯ 2,000 ರೂಪಾಯಿಯೂ ಅದರಲ್ಲೇ ಖಾಲಿ. ಇದು ಅಮಲಿನಲ್ಲಿ ಕೈತಪ್ಪಿ ನಡೆದದ್ದಲ್ಲ, ಹಿಡಿತ. ಕುಡಿತ ಬಿಡಿಸಿದ ಮಾತ್ರಕ್ಕೆ ಹಿಡಿತ ಸಡಿಲವಾಗುವುದಿಲ್ಲ.

ಇತ್ತ ಆ ತಾಯಿ ಏನೂ ಮಾಡದೆ ಕೂತಿರಲಿಲ್ಲ. ಆಟೊ ಸದ್ದು ಕೇಳುವ ಮೊದಲೇ ಮಕ್ಕಳಿಗೆ ಉಣಿಸಿ ಮಲಗಿಸುವುದು, ಓಟಿ ಬಿಟ್ಟು ಬೇಗ ಮನೆ ಸೇರುವುದು, ಮಗನ ಮೇಲೆ ಬೀಳುವ ಏಟಿಗೆ ತಾನೇ ಅಡ್ಡ ನಿಲ್ಲುವುದು, ಎಲ್ಲವೂ ರಕ್ಷಣೆಯೇ. ಆದ್ದರಿಂದ ವರದಿಯನ್ನು ತಿದ್ದಲು ಸಲಹೆ ಕೊಡಲಾಯಿತು. ಹೊಸ ಸಾಲು: “ತಂದೆ ಗಣೇಶನ ಹಬ್ಬದ ಹಿಂದಿನ ರಾತ್ರಿ ತಾಯಿಯ ಕುತ್ತಿಗೆ ಹಿಸುಕಿದರು; ಬಿಡಿಸಲು ಬಂದ ಮಗಳ ಮುಂಗೈಗೆ ಬೆಲ್ಟಿನ ಏಟು ಬಿತ್ತು; ಹಬ್ಬದ ರಜೆ ಮುಗಿದ ಮೇಲೆ ಮಗಳು ಮೂರು ದಿನ ಶಾಲೆಗೆ ಬಂದಿಲ್ಲ.” ಯಾರು, ಏನು ಮಾಡಿದರು, ಅದರಿಂದ ಮಗುವಿಗೆ ಏನಾಯಿತು ಎಂಬ ಮೂರೂ ಒಂದೇ ಕಡೆ ಬಂದರೆ “ವಿಫಲ” ಎಂಬ ಪದಕ್ಕೆ ಜಾಗವೇ ಇರುವುದಿಲ್ಲ. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯ ಹುಟ್ಟಿದರೆ ಮುಂದಿನ ಸಲ ಆ ತಾಯಿ ಬಾಯಿ ಬಿಡುವುದಿಲ್ಲ.

ಮಗಳಿಗೆ ಕೊಟ್ಟ ಸಲಹೆ ಚಿಕ್ಕದು: “ಬಿಡಿಸೋದು ನಿನ್ನ ಕೆಲಸ ಅಲ್ಲ ಪುಟ್ಟಾ. ತಮ್ಮನ್ನ ಕರ್ಕೊಂಡು ಪಕ್ಕದ್ಮನೆ ಅಜ್ಜಿ ಹತ್ರ ಹೋಗು, ‘ಹೆಪ್ಪು ಬೇಕಂತೆ’ ಅನ್ನು.” ರಾತ್ರಿ ಹೊತ್ತು ಮೊಸರಿನ ಹೆಪ್ಪು ಕೇಳಿದರೆ ಯಾರಿಗೂ ಅನುಮಾನ ಬಾರದು, ಆ ಮಾತು ಕೇಳಿದ ಕೂಡಲೇ ಅಜ್ಜಿ 112ಕ್ಕೆ ಕರೆ ಮಾಡಬೇಕು. ಮಗು ಹೇಳಿದ ಯಾವ ಮಾತನ್ನೂ ತಂದೆಯ ಮುಂದೆ ಓದಬಾರದು.

ತಾಯಿಗೆ: ಆಧಾರ್, ಪಡಿತರ ಚೀಟಿ, ಜನನ ಪ್ರಮಾಣಪತ್ರ, ತಾಯಿ ಕಾರ್ಡ್‌ಗಳ ಜೆರಾಕ್ಸ್, ಒಂದು ಜೊತೆ ಬಟ್ಟೆ, ಸ್ವಲ್ಪ ಹಣ ಅಜ್ಜಿಯ ಮನೆಯಲ್ಲಿರಲಿ. ಮೂಲಪತ್ರಗಳನ್ನು ಈಗಲೇ ಎತ್ತಿಡಬೇಡಿ, ಕಾಣೆಯಾದರೆ ಆತನಿಗೆ ಸುಳಿವು ಸಿಗುತ್ತದೆ. ಮೊಬೈಲಿನ ಲೊಕೇಶನ್ ವಿಷಯವೂ ಅಷ್ಟೇ, ಹೊರಡುವ ಗಳಿಗೆಯಲ್ಲಿ ಆಫ್ ಮಾಡಿದರೆ ಸಾಕು. ದೌರ್ಜನ್ಯಕ್ಕೊಳಗಾದ ಮಹಿಳೆಯರಿಗಾಗಿ ಇರುವ ಸರ್ಕಾರದ ಸಖಿ ಕೇಂದ್ರದಲ್ಲಿ ತಂಗಲು ಸಾಮಾನ್ಯವಾಗಿ ಐದು ದಿನ ಮಾತ್ರ ಅವಕಾಶ. ಆಮೇಲಿನ ಆಶ್ರಯಧಾಮಗಳಲ್ಲಿ ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳಿ.

ಕಾನೂನಿನ ಕೆಲಸ ಎರಡು ಕಡೆ ಒಟ್ಟಿಗೆ ನಡೆಯಬೇಕು, ಹಲವರು ಎಡವುವುದು ಇಲ್ಲೇ. ಮಕ್ಕಳು ಯಾರ ಬಳಿ ಇರಬೇಕೆಂದು ಸಮಿತಿ ಆದೇಶಿಸಬಹುದು, ಆದರೆ ಗಂಡನನ್ನು ಹೆಂಡತಿಯಿಂದ ದೂರವಿಡುವ ರಕ್ಷಣಾ ಆದೇಶ ಕೊಡುವವರು ಮ್ಯಾಜಿಸ್ಟ್ರೇಟರು. ಹಾಗಾಗಿ ಸಂರಕ್ಷಣಾಧಿಕಾರಿಯ (ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸರ್ಕಾರ ನೇಮಿಸುವ ಅಧಿಕಾರಿ) ಮೂಲಕ ನಮೂನೆ 1ರಲ್ಲಿ ಕೌಟುಂಬಿಕ ಘಟನಾ ವರದಿ, ಜೊತೆಗೆ 2005ರ ಅದೇ ಕಾಯ್ದೆಯ 12ನೇ ಕಲಮಿನ ಅರ್ಜಿ ಸಲ್ಲಿಸಲಾಯಿತು. ಅರ್ಜಿಯಲ್ಲಿ 18 (ರಕ್ಷಣೆ), 19 (ವಾಸ), 20 (ಹಣ), 21 (ಮಕ್ಕಳ ತಾತ್ಕಾಲಿಕ ಸುಪರ್ದಿ) ನಾಲ್ಕನ್ನೂ ಬಿಡಿಬಿಡಿಯಾಗಿ ಕೇಳಬೇಕು. ತುರ್ತು ಇದ್ದರೆ ನಮೂನೆ 3ರ ಪ್ರಮಾಣಪತ್ರ (ಅಫಿಡವಿಟ್) ಸೇರಿಸಿ 23ರಡಿ ಏಕಪಕ್ಷೀಯ, ಅಂದರೆ ಗಂಡನ ವಾದ ಕೇಳುವ ಮೊದಲೇ ಕೊಡುವ, ಮಧ್ಯಂತರ ಆದೇಶ ಕೋರಿ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು ಎಂದಿದೆ. ವಾಸ್ತವದಲ್ಲಿ ಎಳೆದಾಡುವುದರಿಂದ ಸುರಕ್ಷತಾ ಯೋಜನೆ ಅಷ್ಟೂ ದಿನ ಬಾಳಬೇಕು. ರಕ್ಷಣಾ ಆದೇಶ ಮುರಿದರೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದೇಶದ ಪ್ರತಿ ಠಾಣೆಗೆ ಉಚಿತವಾಗಿ ಹೋಗಬೇಕಾದರೂ ಒಂದು ಜೆರಾಕ್ಸ್ ತಾಯಿಯ ಚೀಲದಲ್ಲಿ, ಒಂದು ಶಾಲೆಯಲ್ಲಿ ಇರಲಿ.

ಸಮಿತಿ ಮಕ್ಕಳನ್ನು ತಾಯಿಯ ಬಳಿಯೇ ಉಳಿಸಿ ಮೇಲ್ವಿಚಾರಣೆಗೆ ಆದೇಶಿಸಿತು. ತಂದೆಯ ಭೇಟಿ ಸದ್ಯಕ್ಕೆ ಮಕ್ಕಳ ರಕ್ಷಣಾ ಘಟಕದ ಕಚೇರಿಯಲ್ಲಿ, ಸಿಬ್ಬಂದಿಯ ಎದುರು. ತಾಯಿ ಮತ್ತು ಮಕ್ಕಳು ಅರ್ಧ ಗಂಟೆ ಮೊದಲು ಬಂದು ತಂದೆ ಹೋದ ಅರ್ಧ ಗಂಟೆಯ ನಂತರ ಹೊರಡುತ್ತಾರೆ. “ಈಗ ಯಾವ ಬಸ್ಸಿಗೆ ಹೋಗ್ತೀರಿ?” ಎಂಬಂಥ ಪ್ರಶ್ನೆ ಆತ ಮಗನಿಗೆ ಕೇಳಿದರೆ ಅದನ್ನು ಹಾಗೆಯೇ ಬರೆದುಕೊಂಡು ಅಂದೇ ಸಂರಕ್ಷಣಾಧಿಕಾರಿಗೆ ಕಳಿಸಬೇಕು.