ಕಥೆ ಅರ್ಧಕ್ಕೆ ನಿಂತರೆ ನೋಡುಗರು ಸುಮ್ಮನಿರಬೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಆರೇಳು ಹೆಂಗಸರು ಕೂಡಿ ಏಲಕ್ಕಿ ಮಾಲೆ ಕಟ್ಟುತ್ತೇವೆ. ಕೈ ದಾರದ ಮೇಲೆ, ಕಣ್ಣು ಟಿವಿಯ ಮೇಲೆ. ರಾತ್ರಿ ಎಂಟೂವರೆಗೆ ಬರುತ್ತಿದ್ದ ಧಾರಾವಾಹಿಯನ್ನು ಕಳೆದ ತಿಂಗಳು ಅರ್ಧಕ್ಕೇ ನಿಲ್ಲಿಸಿಬಿಟ್ಟರು. ನಾಯಕಿ ಕೋರ್ಟಿನ ಮೆಟ್ಟಿಲು ಹತ್ತಿದಳು. ಮರುದಿನ ಆ ಹೊತ್ತಿಗೆ ಬೇರೆ ಕಥೆ. ಎಲ್ಲರೂ ಸೇರಿ ಕೇಳಿದರೆ ಮತ್ತೆ ತರುತ್ತಾರೆಯೇ?
– ಮಾಲೆ ಕಟ್ಟುವ ಒಬ್ಬಾಕೆ, ಹಾವೇರಿ

ಉತ್ತರ: ತರುವುದುಂಟು ತಂಗಿ, ಆದರೆ ತಡ ಮಾಡಬಾರದು. ಧಾರವಾಡದಲ್ಲಿ ಕೂತು ಬೆಂಗಳೂರಿನ ಧಾರಾವಾಹಿಗಳಿಗೆ ಸಂಭಾಷಣೆ ಬರೆದವಳು ನಾನು. ನಾನು ಬರೆಯುತ್ತಿದ್ದ ಒಂದು ಕಥೆಯೂ ಹೀಗೆಯೇ ನಿಂತಿತು. ವಾರದೊಳಗೆ ಸೆಟ್ಟಿನ ಪ್ಲೈವುಡ್ ತುಳಸಿಕಟ್ಟೆ ಟೆಂಪೋ ಏರಿತು. ಹಾರ ಹಾಕಿದ್ದ ಅಜ್ಜನ ಫೋಟೊ ಇನ್ನೊಂದು ಕಥೆಯ ಗೋಡೆಗೆ ಹೋಯಿತು. ನಾಯಕಿ ಬೇರೆ ಕಡೆ ಕಾಲ್‌ಶೀಟ್ ಕೊಟ್ಟರು. ನೋಡುಗರ ಕಾಗದಗಳು ಬಂದದ್ದು ಇಷ್ಟೆಲ್ಲ ಆದ ಮೇಲೆ. ಓದಿ ಕಣ್ಣು ತುಂಬಿತು, ಆದರೆ ಕಥೆ ನಡೆಸಲು ಮನೆಯೂ ಉಳಿದಿರಲಿಲ್ಲ, ಮನೆಯವರೂ ಉಳಿದಿರಲಿಲ್ಲ.

ಹೊತ್ತಿಗೆ ಸರಿಯಾಗಿ ಬರೆದವರು ಗೆದ್ದಿದ್ದಾರೆ. ಅಮೆರಿಕದ ‘ಸ್ಟಾರ್ ಟ್ರೆಕ್’ ಎರಡನೇ ಸೀಸನ್ನಿಗೇ ಮುಗಿಯುತ್ತದೆ ಎಂಬ ಸುದ್ದಿ ಹಬ್ಬಿದಾಗ, ಟ್ರಿಂಬಲ್ ಎಂಬ ದಂಪತಿ ಮುಂದೆ ನಿಂತು ಊರೂರಿನಿಂದ ಕಾಗದ ಬರೆಸಿದರು. ಧಾರಾವಾಹಿ ಮುಂದುವರಿಯುತ್ತದೆ ಎಂದು 1968ರ ಮಾರ್ಚ್‌ನಲ್ಲಿ ಎನ್‌ಬಿಸಿ ವಾಹಿನಿ ಪ್ರಸಾರದ ನಡುವೆಯೇ ಹೇಳಬೇಕಾಯಿತು. ಹೆಚ್ಚಿಗೆ ಸಿಕ್ಕಿದ್ದು ಒಂದೇ ಸೀಸನ್ ನಿಜ. ಆದರೆ ಅದರಿಂದ ಕಂತುಗಳು 79 ಆದವು, ಮರುಪ್ರಸಾರಕ್ಕೆ ಸಾಲುವಷ್ಟಾದವು, ಮುಂದಿನ ತಲೆಮಾರು ಆ ಕಥೆಯನ್ನು ಕಂಡದ್ದು ಮರುಪ್ರಸಾರದಲ್ಲೇ. 2007ರಲ್ಲಿ ಅಲ್ಲಿನದೇ ‘ಜೆರಿಕೊ’ ಧಾರಾವಾಹಿ ನಿಂತಾಗ, ಕೊನೆಯ ಕಂತಿನಲ್ಲಿ ನಾಯಕ ಶರಣಾಗಲು ಒಪ್ಪದೆ ಹೇಳಿದ ‘ನಟ್ಸ್’ (ಕಾಯಿಬೀಜ ಎಂಬ ಅರ್ಥವೂ ಉಂಟು) ಎಂಬ ಒಂದು ಮಾತನ್ನೇ ಹಿಡಿದು ಅಭಿಮಾನಿಗಳು ಸಿಬಿಎಸ್ ವಾಹಿನಿಯ ಕಚೇರಿಗೆ ಸುಮಾರು 20 ಟನ್ ಕಡಲೆಕಾಯಿ ಕಳಿಸಿದರು. ಇನ್ನೂ ಏಳು ಕಂತುಗಳು ಬಂದವು.

ಇಷ್ಟೆಲ್ಲ ಗದ್ದಲ ಏಕೆ ಬೇಕು? ನೀವು ಏಳು ಜನ ತಪ್ಪದೆ ನೋಡಿದರೂ ಅದು ಟಿಆರ್‌ಪಿಗೆ, ಅಂದರೆ ಎಷ್ಟು ಜನ ನೋಡಿದರು ಎಂಬ ಲೆಕ್ಕಕ್ಕೆ, ಸೇರುವುದಿಲ್ಲ. ಆ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ ಮೀಟರ್ ಕೂರಿಸಿರುವುದು ಆಯ್ದ ಮನೆಗಳಲ್ಲಿ ಮಾತ್ರ. ಗುರುವಾರ ಬರುವ ಆ ಅಂಕಿಯ ಮೇಲೆಯೇ ಪ್ರೈಮ್ ಟೈಮ್ ಸ್ಲಾಟು ನಿಂತಿರುತ್ತದೆ. ಹಾವೇರಿಯ ಪಡಸಾಲೆಯಲ್ಲಿ ನೀವಿದ್ದೀರಿ ಎಂದು ವಾಹಿನಿಗೆ ತಿಳಿಯುವುದು ನೀವು ಬರೆದಾಗಲೇ. ಮೊಬೈಲ್ ಆ್ಯಪ್‌ನಲ್ಲಿ ನೋಡಿದ್ದಕ್ಕಾದರೆ ಕಂಪನಿಯ ಬಳಿಯೇ ಲೆಕ್ಕವಿರುತ್ತದೆ. ಎನ್‌ಬಿಸಿ 2021ರ ಜೂನ್‌ನಲ್ಲಿ ಕೈಬಿಟ್ಟ ‘ಮ್ಯಾನಿಫೆಸ್ಟ್’ ಧಾರಾವಾಹಿಯ ಹಳೆಯ ಕಂತುಗಳನ್ನು ಜನ ನೆಟ್‌ಫ್ಲಿಕ್ಸ್‌ನಲ್ಲಿ ಮುಗಿಬಿದ್ದು ನೋಡಿದರು, ಆಗಸ್ಟ್‌ನಲ್ಲಿ ಅದೇ ನೆಟ್‌ಫ್ಲಿಕ್ಸ್ 20 ಹೊಸ ಕಂತುಗಳನ್ನು ಘೋಷಿಸಿತು. ನಿಮ್ಮ ಧಾರಾವಾಹಿಯೂ ವಾಹಿನಿಯ ಆ್ಯಪ್‌ನಲ್ಲಿದ್ದರೆ ಮೊದಲ ಕಂತಿನಿಂದ ನೋಡಿರಿ, ನೆಂಟರಿಗೂ ಹೇಳಿರಿ.

ನಿಮಗೆ ತಿಂಗಳಾಗಿದೆ. ಆದ್ದರಿಂದ ‘ಪೂರ್ತಿ ಮುಂದುವರಿಸಿ’ ಎನ್ನುವ ಬದಲು ‘ಮುಕ್ತಾಯವನ್ನಾದರೂ ಕೊಡಿ’ ಎಂದು ಕೇಳಿರಿ. ನಾಲ್ಕೈದು ಕಂತಿಗೆ ಕಲಾವಿದರನ್ನು ಕೂಡಿಸುವುದು ಆಗದ ಕೆಲಸವಲ್ಲ. 2018ರಲ್ಲಿ ಅಮೆರಿಕದ ‘ಟೈಮ್‌ಲೆಸ್’ ಧಾರಾವಾಹಿ ನಿಂತ ಮೇಲೂ ಅಭಿಮಾನಿಗಳ ಒತ್ತಾಯಕ್ಕೆ ಎರಡು ಗಂಟೆಯ ಕೊನೆಯ ಭಾಗ ಆ ಡಿಸೆಂಬರ್‌ನಲ್ಲೇ ಪ್ರಸಾರವಾಯಿತು. ಕೋರ್ಟಿನ ಮೆಟ್ಟಿಲು ಹತ್ತಿಸಿದವರು ತೀರ್ಪನ್ನೂ ಹೇಳಬೇಕು. ಅದು ನೋಡುಗರ ಹಕ್ಕು ಎಂದೇ ನಾನು ನಂಬಿದ್ದೇನೆ.

ಪ್ರಶ್ನೆ: ನಟ ನಟಿಯರ ಇನ್‌ಸ್ಟಾಗ್ರಾಮ್‌ನಲ್ಲಿ ಬರೆದರೆ ಸಾಲದೆ?
– ಕಾಲೇಜು ವಿದ್ಯಾರ್ಥಿನಿ, ಗದಗ

ಉತ್ತರ: ಸಾಲದು. ನಿಲ್ಲಿಸುವ ತೀರ್ಮಾನ ಅವರದಲ್ಲ. ಕೆಲಸ ಕಳೆದುಕೊಂಡವರಲ್ಲಿ ಅವರೂ ಇದ್ದಾರೆ. ದಯವಿಟ್ಟು ಅವರನ್ನು ಬೈಯಬೇಡಿ. ಕಂತಿನ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ನಿರ್ಮಾಣ ಸಂಸ್ಥೆಯ ಹೆಸರಿರುತ್ತದೆ. ಅವರಿಗೊಂದು, ವಾಹಿನಿಯ ಕಾರ್ಯಕ್ರಮ ಮುಖ್ಯಸ್ಥರಿಗೊಂದು ಕಾಗದ ಹಾಕು. ಒಬ್ಬರು ಬರೆದದ್ದನ್ನು ಐವತ್ತು ಜನ ನಕಲು ಮಾಡಿ ಕಳಿಸಬೇಡಿ. ಯಾವ ದೃಶ್ಯ ಹಿಡಿಸಿತು, ಮನೆಯಲ್ಲಿ ಯಾರೆಲ್ಲ ನೋಡುತ್ತಿದ್ದರು ಎಂಬುದನ್ನು ಅವರವರ ಮಾತಿನಲ್ಲೇ ಬರೆದು, ಊರಿನ ಹೆಸರು ಹಾಕಿರಿ.