ಮಂಚದ ಕೆಳಗಿನ ಬಿಸ್ಕತ್ತು ಪ್ಯಾಕೆಟ್ಟುಗಳು: ಆತಿಥೇಯ ಮನೆಯೊಂದರ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರುಗಳನ್ನೂ ಕೆಲವು ವಿವರಗಳನ್ನೂ ಬದಲಿಸಲಾಗಿದೆ. ಕುಟುಂಬದ, ಬಾಲಕಿಯ ಮತ್ತು ಅವಳ ತಂದೆತಾಯಿಯ ಒಪ್ಪಿಗೆ ಪಡೆದು ಬರೆದಿದ್ದೇನೆ.)

ಮೈಸೂರಿನ ಮಧ್ಯಮ ವರ್ಗದ ಮನೆ. ಗಂಡ ಬ್ಯಾಂಕಿನಲ್ಲಿ ಅಧಿಕಾರಿ, ಹೆಂಡತಿ ಗೃಹಿಣಿ, ಜೊತೆಗೆ ಅತ್ತೆ ಮತ್ತು ಎಂಟನೇ ತರಗತಿಯ ಮಗಳು. ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಯುವ ವಿನಿಮಯ ಕಾರ್ಯಕ್ರಮವೊಂದರಲ್ಲಿ ಒಂದು ವರ್ಷಕ್ಕೆ ಜರ್ಮನಿಗೆ ಹೋಗಿದ್ದಾನೆ. ಅನೇಕ ಕಾರ್ಯಕ್ರಮಗಳಲ್ಲಿ ಇದು ಕೊಟ್ಟು ತೆಗೆದುಕೊಳ್ಳುವ ಲೆಕ್ಕ: ನಮ್ಮ ಮಗು ಅಲ್ಲಿಗೆ ಹೋದರೆ ಅಲ್ಲಿಯ ಮಗುವಿಗೆ ನಾವು ಮನೆ ಕೊಡಬೇಕು. ಇಟ್ಟುಕೊಂಡವರಿಗೆ ಹಣ ಸಿಗುವುದಿಲ್ಲ. ಹಾಗೆ ಆಗಸ್ಟಿನಲ್ಲಿ ಹದಿನಾರರ ಜರ್ಮನ್ ಹುಡುಗಿಯೊಬ್ಬಳು ಬಂದು ಮಗನ ಕೋಣೆಯಲ್ಲಿ ಇಳಿದುಕೊಂಡಳು. ಅವಳನ್ನು ಲೆನಾ ಎನ್ನೋಣ, ಮನೆಯೊಡತಿಯನ್ನು ಸುಮಿತ್ರಾ ಎನ್ನೋಣ.

ನವೆಂಬರ್ ಕೊನೆಗೆ ಕಾರ್ಯಕ್ರಮದ ಸಂಯೋಜಕರು ಸುಮಿತ್ರಾ ಅವರನ್ನು ನನ್ನಲ್ಲಿಗೆ ಕಳುಹಿಸಿದರು. ಹುಡುಗಿಯನ್ನು ಕೂಡಲೇ ಬೇರೆ ಮನೆಗೆ ಕಳುಹಿಸಿ ಎಂದು ಈಕೆ ಪಟ್ಟು ಹಿಡಿದಿದ್ದರು.

"ಮೇಡಂ, ಅವಳಿಗೆಂದು ಖಾರ ಕಡಿಮೆ ಮಾಡಿದೆ. ಮನೆಯವರೆಲ್ಲ ಸಪ್ಪೆ ಸಾರು ಉಣ್ಣುತ್ತಿದ್ದೇವೆ. ಅವಳು ನಾಲ್ಕು ತುತ್ತು ತಿಂದು ಎದ್ದುಬಿಡುತ್ತಾಳೆ. ಮೊನ್ನೆ ಗುಡಿಸುವಾಗ ಮಂಚದ ಕೆಳಗೆ ಖಾಲಿ ಬಿಸ್ಕತ್ತು ಪ್ಯಾಕೆಟ್ಟುಗಳು ಸಿಕ್ಕವು, ಒಂದಲ್ಲ ಎರಡಲ್ಲ, ಏಳು. ಬಾಗಿಲು ಹಾಕಿಕೊಂಡು ಕದ್ದು ತಿನ್ನುವಂಥದ್ದು ನಾವೇನು ಮಾಡಿದ್ದೇವೆ? ನಾಳೆ ಅವರ ಅಮ್ಮ ನೋಡಿದರೆ ಉಪವಾಸ ಕೆಡವಿದ್ದೇವೆ ಎನ್ನುವುದಿಲ್ಲವೇ?"

ಹೇಳುತ್ತ ಹೇಳುತ್ತ ಅತ್ತರು. ಹುಡುಗಿಗೆ ಸೊಕ್ಕು ಎಂಬ ತೀರ್ಮಾನಕ್ಕೆ ಮನೆ ಆಗಲೇ ಬಂದಿತ್ತು.

ಲೆನಾಳನ್ನು ಒಬ್ಬಳನ್ನೇ ಕರೆದು ಮಾತನಾಡಿಸಿದೆ. ಮೊದಲು ಒಂದು ವಿಷಯ ಸ್ಪಷ್ಟಪಡಿಸಿದೆ: ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ನಿನ್ನ ಸುರಕ್ಷತೆಗೆ ಧಕ್ಕೆಯಾಗುವ ಸಂಗತಿ ಇದ್ದರೆ ಹೇಳಬೇಕಾದವರಿಗೆ ಹೇಳಲೇಬೇಕಾಗುತ್ತದೆ. ಆಮೇಲೆ ಈ ಮನೆಯಲ್ಲಿ ಯಾರಿಂದಲಾದರೂ ಭಯವಿದೆಯೇ, ಯಾರಾದರೂ ಮುಟ್ಟಬಾರದ ರೀತಿ ಮುಟ್ಟಿದ್ದಾರೆಯೇ ಎಂದು ನೇರವಾಗಿ ಕೇಳಿದೆ. ಬಾಗಿಲು ಹಾಕಿಕೊಳ್ಳುವ, ಊಟ ಬಿಡುವ ಮಕ್ಕಳನ್ನು ಇದನ್ನು ಕೇಳದೆ ಮುಂದಕ್ಕೆ ಹೋಗಬಾರದು. ಮನೆ ಎಷ್ಟೇ ಮರ್ಯಾದಸ್ಥರದ್ದಾಗಿರಲಿ. ಅಂಥದ್ದೇನೂ ಇರಲಿಲ್ಲ.

ಇದ್ದದ್ದು ಹಸಿವು. ಜರ್ಮನಿಯ ಬಹಳ ಮನೆಗಳಲ್ಲಿ ರಾತ್ರಿಯೂಟವೆಂದರೆ ಬ್ರೆಡ್ಡು, ಚೀಸು, ಮಾಂಸದ ತೆಳು ಹೋಳು, ಉಪ್ಪಿನಲ್ಲಿ ನೆನೆಸಿದ ಸೌತೆ. ಆರು, ಆರೂವರೆಗೆಲ್ಲ ಮುಗಿದಿರುತ್ತದೆ. ಮೈಸೂರಿನ ಈ ಮನೆಯಲ್ಲಿ ಯಜಮಾನರು ಬಂದು, ಕೈಕಾಲು ತೊಳೆದು, ವಾರ್ತೆ ನೋಡಿ ತಟ್ಟೆಯ ಮುಂದೆ ಕೂರುವುದು ಒಂಬತ್ತೂವರೆಗೆ. ಏಳಕ್ಕೆ ಹಸಿವು ತಡೆಯದೆ ಹುಡುಗಿ ಬಿಸ್ಕತ್ತು ತಿನ್ನುತ್ತಾಳೆ. ಒಂಬತ್ತೂವರೆಗೆ ಹಸಿವು ಸತ್ತು ನಿದ್ದೆ ಬಂದಿರುತ್ತದೆ. ಆಗ ತಟ್ಟೆಗೆ ಬಿಸಿ ಅನ್ನ ಬೀಳುತ್ತದೆ, ಬೇಡವೆಂದರೂ ಇನ್ನೊಂದು ಸೌಟು ಬೀಳುತ್ತದೆ. "ಸಾಕು ಎಂದು ಕಲಿತಿದ್ದೇನೆ, ಆದರೆ ಅದು ಕೆಲಸ ಮಾಡುವುದಿಲ್ಲ" ಎಂದಳು. ನನಗೆ ನಗು ಬಂತು. ನಮ್ಮಲ್ಲಿ ಮೊದಲೆರಡು ಸಲದ "ಸಾಕು" ಬರಿಯ ದಾಕ್ಷಿಣ್ಯ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು? ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಬೇಕು ಎಂದು ತೋರಿಸಿಕೊಟ್ಟೆ. ಅಲ್ಲೇ ನನ್ನ ಮೇಜಿನ ಮೇಲಿದ್ದ ಕಡತದ ಮೇಲೆ ಅಭ್ಯಾಸ ಮಾಡಿದಳು.

ಅವಳ ದೂರು ಬೇರೆಯದೇ ಆಗಿತ್ತು. ಊಟವಾದ ಮೇಲೆ ತಟ್ಟೆ ತೊಳೆಯಲು ಹೋದರೆ ಕೈಯಿಂದ ಕಸಿದುಕೊಳ್ಳುತ್ತಾರೆ, ಹಾಸಿಗೆ ಮಡಿಸಲೂ ಬಿಡುವುದಿಲ್ಲ. ಇಷ್ಟು ದಿನವಾದರೂ ಹೋಟೆಲಿನಲ್ಲಿ ಇದ್ದಂತಿದೆ, ಹಾಗಾಗಿ ಕೋಣೆಯಲ್ಲೇ ಇರುತ್ತೇನೆ ಎಂದಳು. ಬಾಗಿಲು ಹಾಕುವುದು ಅವಳೂರಿನಲ್ಲಿ ಮುನಿಸಿನ ಗುರುತಲ್ಲ. ಅಲ್ಲಿ ಹದಿನಾರರ ಮಕ್ಕಳ ಕೋಣೆಯನ್ನು ತಂದೆತಾಯಿಯೂ ತಟ್ಟಿಯೇ ಒಳಹೋಗುತ್ತಾರೆ. ಸುಮಿತ್ರಾ ಅವರಿಗೋ ಹಾಕಿದ ಬಾಗಿಲು ದಿನದಿನವೂ ಮುಖಕ್ಕೆ ಹೊಡೆದ ಹಾಗೆ. ಅವರಿಗೆ ತಮ್ಮ ಇಂಗ್ಲಿಷಿನ ಬಗ್ಗೆ ನಾಚಿಕೆ ಬೇರೆ. ಮಾತೆಲ್ಲ ಗಂಡ ಮತ್ತು ಮಗಳ ಮೂಲಕವೇ. ತಮ್ಮ ಪ್ರೀತಿಯನ್ನು ತಾವೇ ತಿಳಿಸಲು ಅವರಿಗೆ ಉಳಿದಿದ್ದ ದಾರಿ ಬಡಿಸುವುದೊಂದೇ. ಅದನ್ನೇ ಹುಡುಗಿ ಬಿಟ್ಟು ಏಳುತ್ತಿದ್ದಳು.

ಮುಂದಿನ ಭೇಟಿಯಲ್ಲಿ ಸುಮಿತ್ರಾ ಅವರನ್ನು ಅಲ್ಲಿ ಮಗನ ಊಟ ಹೇಗಿದೆ ಎಂದು ಕೇಳಿದೆ. ಕೇಳಿದ್ದೇ ತಡ, ಆ ಮನೆಯವರ ಮೇಲೆ ಹರಿಹಾಯ್ದರು. ರಾತ್ರಿ ಒಲೆಯನ್ನೇ ಹಚ್ಚುವುದಿಲ್ಲವಂತೆ, ತಣ್ಣಗಿನ ಬ್ರೆಡ್ಡು ಕೊಟ್ಟು ಕೈತೊಳೆದುಕೊಳ್ಳುತ್ತಾರಂತೆ, ಮಗು ಸೊರಗಿದೆ. ನೀವು ಕರೆ ಮಾಡುವುದು ಎಷ್ಟು ಹೊತ್ತಿಗೆ ಎಂದೆ. ರಾತ್ರಿ ಹನ್ನೊಂದಕ್ಕೆ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಆಗ ಆರೂವರೆ. ಅವರು ಬೆರಳು ಮಡಿಸಿ ಎಣಿಸಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಇವಳಿಗೆ ಏಳಕ್ಕೇ ಹಸಿವಾಗುತ್ತದೆಯೇ?" ಎಂದು ತಾವೇ ಕೇಳಿದರು. ನಾನು ವಿವರಿಸುವ ಅಗತ್ಯ ಬೀಳಲಿಲ್ಲ.

ಒಟ್ಟಿಗೆ ಕೂರಿಸಿ ಕೊಟ್ಟ ಸಲಹೆಗಳು ಸರಳವಾದವೇ. ಲೆನಾ ಏಳಕ್ಕೆ ಅಡುಗೆಮನೆಗೆ ಬಂದು ಚಪಾತಿಯನ್ನೋ ಬ್ರೆಡ್ಡನ್ನೋ ತಾನೇ ತೆಗೆದುಕೊಂಡು ಎಲ್ಲರ ಎದುರಿಗೇ ತಿನ್ನಲಿ. ರಾತ್ರಿ ಎಲ್ಲರೊಂದಿಗೆ ಕೂತು ಒಂದು ಲೋಟ ಮಜ್ಜಿಗೆ ಕುಡಿದರೂ ಸಾಕು. ಮನೆಯವರು ಬಾಗಿಲು ತಟ್ಟಿ, ಉತ್ತರ ಬಂದ ಮೇಲೆ ಒಳಗೆ ಹೋಗಲಿ. ಅವಳು ಸಂಜೆ ಒಂದು ಗಂಟೆ ಹಜಾರದಲ್ಲಿ ಇರಲಿ. ಅವಳಿಗೆ ಎರಡು ಕೆಲಸ ವಹಿಸಲೇಬೇಕು ಎಂದೆ. ತರಕಾರಿ ಹೆಚ್ಚುವುದು ಮತ್ತು ಬಟ್ಟೆ ಮಡಿಸುವುದು ಎಂದು ತೀರ್ಮಾನವಾಯಿತು. ಸುಮಿತ್ರಾ ಇದಕ್ಕೆ ಸುಲಭಕ್ಕೆ ಒಪ್ಪಲಿಲ್ಲ. ಬಂದವರ ಕೈಯಲ್ಲಿ ಕೆಲಸ ಮಾಡಿಸುವುದೇ? ಅತಿಥಿ ಸತ್ಕಾರದಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂಬ ಜಂಬ ನಮಗಿದೆ. ಹತ್ತು ದಿನಕ್ಕೆ ಅದು ಚೆಂದ. ಹತ್ತು ತಿಂಗಳು ಅತಿಥಿಯಾಗಿ ಇರುವುದು ಶಿಕ್ಷೆ, ಇಟ್ಟುಕೊಳ್ಳುವವರಿಗೂ.

ಅಜ್ಜಿಯ ವಿಷಯ ಮಾತ್ರ ಬಿಗಿಯಾಗಿತ್ತು. ಮುಟ್ಟಿನ ದಿನಗಳಲ್ಲಿ ಅಡುಗೆಮನೆಗೆ ಬರಬೇಡ ಎಂದು ಅವರು ಮೊಮ್ಮಗಳಿಂದ ಹೇಳಿಸಿದ್ದರು. ತನಗೇನೋ ರೋಗವಿದೆಯೆಂದು ಇವರು ತಿಳಿದಿದ್ದಾರೆ ಎಂದು ಲೆನಾ ಎಣಿಸಿದ್ದಳು. ಇಲ್ಲಿ ನಾನು ಮಧ್ಯದ ದಾರಿ ಹುಡುಕಲಿಲ್ಲ. ದೇವರ ಕೋಣೆ ನಿಮ್ಮದು, ಅಲ್ಲಿಯ ನಿಯಮ ಅವಳು ಪಾಲಿಸುತ್ತಾಳೆ. ಅಡುಗೆಮನೆ, ನೀರು, ಊಟದ ಮೇಜು ಎಲ್ಲ ದಿನವೂ ಅವಳಿಗೆ ತೆರೆದಿರಬೇಕು, ಆಗದಿದ್ದರೆ ಮನೆ ಬದಲಿಸುವುದೇ ಸರಿ ಎಂದೆ. ಗಂಡ ತಾಯಿಯೊಡನೆ ಮಾತನಾಡಿದರು. ಅಜ್ಜಿ ಒಪ್ಪಿದರು ಎನ್ನಲಾರೆ, ಸುಮ್ಮನಾದರು.

ಡಿಸೆಂಬರ್ ಹತ್ತಿರ ಬಂದಿತ್ತು. ಈ ಮಕ್ಕಳಿಗೆ ಮನೆಯ ನೆನಪು ಹೆಚ್ಚು ಕಾಡುವ ತಿಂಗಳು ಅದು. ಜರ್ಮನರಿಗೆ ಕ್ರಿಸ್‌ಮಸ್ಸಿನ ಮುಖ್ಯ ಹೊತ್ತು 24ರ ಸಂಜೆ. ಅದಕ್ಕೆ ಮೊದಲಿನ ನಾಲ್ಕು ಭಾನುವಾರಗಳಲ್ಲಿ ಒಂದೊಂದಾಗಿ ಮೇಣದಬತ್ತಿ ಹಚ್ಚುತ್ತ ಬರುತ್ತಾರೆ. 25ಕ್ಕೆ ಕೇಕ್ ತಂದು ಅಚ್ಚರಿಪಡಿಸುವ ಯೋಚನೆ ಈ ಮನೆಯವರದು. ಅದರ ಬದಲು 24ರ ಸಂಜೆ ನಿಮ್ಮ ಮನೆಯಲ್ಲಿ ಏನೇನು ಮಾಡುತ್ತೀರಿ ಎಂದು ಅವಳನ್ನೇ ಕೇಳಿ ಎಂದೆ. ಆಲೂಗಡ್ಡೆ ಸಲಾಡ್ ಎಂದಳಂತೆ. ಇಬ್ಬರೂ ಸೇರಿ ಮಾಡಿದರು. ಸುಮಿತ್ರಾ ಅದಕ್ಕೆ ಸಾಸಿವೆ ಒಗ್ಗರಣೆ ಕೊಟ್ಟರಂತೆ. ಲೆನಾಳಿಗೆ ಅಷ್ಟೇನೂ ಹಿಡಿಸಲಿಲ್ಲ, ಹಾಗೆಂದು ಬಾಯಿಬಿಟ್ಟು ಹೇಳಿದಳು. ಹೇಳಿದಳಲ್ಲ ಎಂಬುದೇ ನನಗೆ ಸಮಾಧಾನ.

ವರ್ಷದಲ್ಲಿ ಎರಡು ಮೂರು ಮನೆ ಬದಲಿಸುವುದು ಇಂಥ ಕೆಲವು ಕಾರ್ಯಕ್ರಮಗಳ ಕ್ರಮ. ಲೆನಾ ಜನವರಿಯಲ್ಲಿ ನಿಗದಿಯಂತೆಯೇ ಎರಡನೆಯ ಮನೆಗೆ ಹೋದಳು, ಜಗಳವಾಡಿ ಅಲ್ಲ. ಹೋಗುವ ಮೊದಲು ಊಟದ ಹೊತ್ತು, ಬಾಗಿಲು, ಮುಟ್ಟು, ಮೊಬೈಲ್, ಹೊರಗೆ ಹೋಗಿಬರುವ ಸಮಯ ಇವಿಷ್ಟನ್ನೂ ಮೊದಲ ವಾರದಲ್ಲೇ ಕೂತು ಮಾತನಾಡಿ, ಕಾಗದದ ಮೇಲೆ ಬರೆದುಕೊಳ್ಳಲು ಹೊಸ ಮನೆಯವರಿಗೆ ಸೂಚಿಸಿದೆ. ವಿಳಾಸ ಬದಲಾದದ್ದನ್ನು ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕೆಂದು ಸಂಯೋಜಕರಿಗೆ ನೆನಪಿಸಿದೆ; ಇದನ್ನು ಮರೆಯುವವರು ಬಹಳ. ಸುಮಿತ್ರಾ ಅವರಿಗೆ ಮಗ ಬರುವವರೆಗೆ ತಿಂಗಳಿಗೊಮ್ಮೆ ಬಂದು ಹೋಗಿ ಎಂದಿದ್ದೇನೆ. ಖಾಲಿ ಕೋಣೆಯೊಂದಿಗೆ ಅವರಿಗಿದ್ದ ಸಂಕಟವನ್ನು ಹುಡುಗಿಯ ಗಲಾಟೆಯಲ್ಲಿ ನಾವಿಬ್ಬರೂ ಇನ್ನೂ ಮುಟ್ಟಿಲ್ಲ.