ಆಫೀಸಿನವರ ಜೊತೆ ‘ಪ್ಲೇ’ ಮಾಡಬಹುದಾ?

ಸಿಂಗಪುರದಲ್ಲಿರುವ ಓದುಗರೊಬ್ಬರ ಪತ್ರ: “ಪಕ್ಕದ ಮನೆಗೆ ಚೀನಾದ ಚೆಂಗ್ಡುವಿನಿಂದ ಒಂದು ಕುಟುಂಬ ಬಂದಿದೆ. ತಾಯಿ, ಮಗಳು ಇಬ್ಬರಿಗೂ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಪ್ಲೇ’ ಅನ್ನೋ ಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ. ನಲವತ್ತು ದಾಟಿದ ತಾಯಿ ‘ಶನಿವಾರ ಆಫೀಸಿನವರ ಜೊತೆ ಪ್ಲೇ ಮಾಡಿದೆ’ ಅಂತಾರೆ. ಡಿಕ್ಷನರಿಯಲ್ಲಿರುವ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಿಸಲೇ?”

ಸಂಪಾದಕರ ಉತ್ತರ:

ಬೇಡ, ಖಂಡಿತ ಬೇಡ. ‘ಪ್ಲೇ’ಗೆ ಅರ್ಥ ಜಾಸ್ತಿ ಇದೆ ಅನ್ನೋದು ಅವರಿಗೆ ಅಂಥ ದೊಡ್ಡ ತೊಂದರೆಯೇ ಅಲ್ಲ. ತೊಡಕು ಬೇರೆ ಕಡೆ ಇದೆ.

ಅವರ ಮ್ಯಾಂಡರಿನ್ ಭಾಷೆಯಲ್ಲಿ ಕೈಕಾಲು ಏನು ಮಾಡುತ್ತದೆ ಅನ್ನೋದನ್ನು ನೋಡಿ ಕ್ರಿಯಾಪದ ಹಾಕುತ್ತಾರೆ. ಬ್ಯಾಸ್ಕೆಟ್‌ಬಾಲಿಗೆ ‘ತಾ’, ಅಂದರೆ ಹೊಡೆ. ಫುಟ್‌ಬಾಲಿಗೆ ‘ಥಿ’, ಒದೆ. ಪಿಯಾನೊ, ಗಿಟಾರಿಗೆ ‘ಥಾನ್’, ಬೆರಳಲ್ಲಿ ಮೀಟು. ಕೊಳಲಿಗೆ ‘ಛುಯ್’, ಊದು. ಚೆಸ್ಸಿಗೆ ‘ಶ್ಯಾ’, ಕೆಳಗಿಡು. ಅರ್ಹು ಅಂತ ಅವರದೊಂದು ವಾದ್ಯವಿದೆ. ತಂತಿ ಎರಡೇ. ಕಮಾನಿನ ಕೂದಲು ಆ ಎರಡರ ನಡುವೆಯೇ ಸಿಕ್ಕಿಕೊಂಡಿರುತ್ತದೆ, ಅದನ್ನು ಹೊರಗೆ ತೆಗೆಯೋಕೆ ಆಗಲ್ಲ. ಅದಕ್ಕೂ ಪಿಟೀಲಿಗೂ ‘ಲಾ’, ಎಳೆ. (ಪಿಟೀಲನ್ನು ‘ಕುಯ್ಯುವ’ ನಾವು ನಗುವ ಹಾಗಿಲ್ಲ.) ಚೀನೀ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಬರಹದಲ್ಲಿ ಡಿ, ಟಿ ಅಂತ ಕಾಣುವುದನ್ನು ನಮ್ಮ ದ, ತ ಅಂತ ಓದಬೇಡಿ. ಕೇಳಿದರೆ ಅದು ಹೆಚ್ಚುಕಡಿಮೆ ನಮ್ಮ ತ, ಥ. ಅದಕ್ಕೇ ಇಲ್ಲಿ ಹಾಗೆ ಬರೆದಿದ್ದೇನೆ.

ಇಷ್ಟೆಲ್ಲ ಕ್ರಿಯಾಪದಗಳು ಇಂಗ್ಲಿಷಿಗೆ ಬಂದರೆ ಒಂದೇ ‘ಪ್ಲೇ’. ಹಲವು ಹೋಗಿ ಒಂದಾಗುವುದು ಕಲಿಯುವವರಿಗೆ ಸುಖವೇ. ನಿಮ್ಮ ಪಕ್ಕದ ಮನೆಯವರು ‘ಪ್ಲೇ ದ ಪಿಯಾನೊ’ ತಪ್ಪಿದರೆ ಆ ‘ದ’ ಬಿಟ್ಟು ತಪ್ಪಿರುತ್ತಾರೆ ಅಷ್ಟೆ. ಅವರ ಭಾಷೆಯಲ್ಲಿ ಅಂಥದ್ದೇ ಇಲ್ಲ.

ನಿಜವಾದ ಗಂಟು ‘ವಾನ್’ ಅನ್ನೋ ಪದದಲ್ಲಿದೆ. ಚೀನಾದಲ್ಲಿ 2001ರಿಂದ ಮೂರನೇ ತರಗತಿಯಲ್ಲೇ ಇಂಗ್ಲಿಷ್ ಶುರು ಮಾಡಿಸುತ್ತಾ ಬಂದಿದ್ದಾರೆ. ಮಕ್ಕಳು ಆಗಲೇ ‘ಪ್ಲೇ ಅಂದರೆ ವಾನ್’ ಅಂತ ಕಲಿತುಬಿಡುತ್ತಾರೆ. ಮಕ್ಕಳ ಮಟ್ಟಿಗೆ ಅದು ಸರಿ. ಆದರೆ ‘ವಾನ್’ ಮಾಡುವುದಕ್ಕೆ ವಯಸ್ಸಿನ ಹಂಗಿಲ್ಲ. ಎಪ್ಪತ್ತರ ಅಜ್ಜ ಹಾಂಗ್‌ಝೌಗೆ ಹೋಗಿ ಸರೋವರ ನೋಡಿ ಬಂದರೂ ಅದು ವಾನ್. ಗೆಳತಿಯರು ಸೇರಿ ಊಟ ಮಾಡಿ ಹರಟೆ ಹೊಡೆದರೂ ವಾನ್. ಮನೆಗೆ ಬಂದವರನ್ನು ಬೀಳ್ಕೊಡುವಾಗ ‘ಬಿಡುವಾದಾಗ ವಾನ್ ಮಾಡೋಕೆ ಬನ್ನಿ’ ಅಂತಾರೆ. ನಾವು ‘ಬರ್ತಾ ಇರಿ’ ಅನ್ನೋ ಹಾಗೆ. ಇದನ್ನೆಲ್ಲ ‘ಪ್ಲೇ’ ಮಾಡಿಬಿಟ್ಟರೆ, ಇಂಗ್ಲಿಷಿನವರ ಕಿವಿಗೆ ದೊಡ್ಡವರು ಮರಳಲ್ಲಿ ಗುಬ್ಬಿಗೂಡು ಕಟ್ಟಿದ ಹಾಗೆ ಕೇಳುತ್ತದೆ. ಇನ್ನೂ ಒಂದು ಎಚ್ಚರಿಕೆ. ಒಬ್ಬರ ಜೊತೆ ‘ಪ್ಲೇ’ ಮಾಡುವುದು ಅಂದರೆ ಅವರ ಮನಸ್ಸಿನ ಜೊತೆ ಆಟ ಆಡುವುದು ಅನ್ನೋ ಅರ್ಥವೂ ಇದೆ. ಸಹೋದ್ಯೋಗಿಗೆ ಹೇಳುವ ಮಾತಲ್ಲ.

ಕನ್ನಡದವರಾದ ನಿಮಗೆ ಇದು ಬೇಗ ಹೊಳೆಯಬೇಕು. ‘ವಾನ್’ ಸುಮಾರಾಗಿ ನಮ್ಮ ‘ಸುತ್ತಾಡು’, ‘ಓಡಾಡು’ ಇದ್ದ ಹಾಗೆ. ಒಳಗೆ ‘ಆಡು’ ಕೂತಿದೆ, ಆದರೆ ಅಲ್ಲಿ ಆಟವಿಲ್ಲ. ‘ಮೈಸೂರಲ್ಲಿ ಸುತ್ತಾಡಿಕೊಂಡು ಬಂದೆ’ ಅನ್ನೋದಕ್ಕೆ ನೀವು ಯಾವತ್ತಾದರೂ ‘ಪ್ಲೇ’ ಬಳಸಿದ್ದೀರಾ? ಇಲ್ಲ ಅಲ್ವಾ? ತಾಯಿಗೆ ಇದನ್ನೇ ಹೇಳಿ. ಊರು ನೋಡಿದರೆ ‘ವಿಸಿಟ್’, ಜೊತೆಗಾರರೊಂದಿಗೆ ಕಾಲ ಕಳೆದರೆ ‘ಹ್ಯಾಂಗ್ ಔಟ್’ ಅಥವಾ ‘ಸ್ಪೆಂಡ್ ಟೈಮ್’. ದೊಡ್ಡವರು ‘ಪ್ಲೇ’ ಅಂದರೆ ಏನು ಆಡಿದರು ಅಂತಲೂ ಹೇಳುವುದು ಕ್ಷೇಮ. ಕಾರ್ಡ್ಸ್, ಟೆನಿಸ್, ಏನಾದರೂ.

ಮೊಬೈಲೂ ಇದೇ ಗುಂಪಿಗೆ ಸೇರುತ್ತದೆ. ಅಲ್ಲಿ ಫೋನನ್ನೂ ‘ವಾನ್’ ಮಾಡುತ್ತಾರೆ. ಅದಕ್ಕೇ ‘ಮಗಳು ಯಾವಾಗಲೂ ಪ್ಲೇ ಫೋನ್’ ಅನ್ನೋ ದೂರು ಬರುತ್ತದೆ. ‘ಆನ್ ಹರ್ ಫೋನ್’ ಸಾಕು, ಪ್ಲೇ ಬೇಕಿಲ್ಲ.

‘ತಾ’ ಕೂಡ ಸ್ವಲ್ಪ ಆಟ ಆಡಿಸುತ್ತದೆ. ಅವರು ಬ್ಯಾಸ್ಕೆಟ್‌ಬಾಲನ್ನಷ್ಟೇ ಹೊಡೆಯುವುದಿಲ್ಲ. ಫೋನ್ ಹೊಡೆಯುತ್ತಾರೆ, ಕೊಡೆ ಹೊಡೆಯುತ್ತಾರೆ, ಸ್ವೆಟರ್ ಹೆಣೆಯುವುದೂ ಹೊಡೆಯುವುದೇ. ಅವರ ಥಾಯ್‌ಚಿ ಅನ್ನೋ ವ್ಯಾಯಾಮವೂ ‘ತಾ’. ಬ್ಯಾಸ್ಕೆಟ್‌ಬಾಲಿನ ‘ತಾ’ ಪ್ಲೇ ಆದರೆ ಇದೂ ಪ್ಲೇ ಇರಬೇಕು ಅಂತ ‘ಪ್ಲೇ ಥಾಯ್‌ಚಿ’ ಅಂದುಬಿಡುತ್ತಾರೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಥಾಯ್‌ಚಿ, ಯೋಗ, ಕರಾಟೆ ಎಲ್ಲ ‘ಡೂ’.

ಉಳಿದವು ಸುಲಭ. ಹಾಡು ಹಾಕುವುದಕ್ಕೆ ಅವರು ‘ಫಾಂಗ್’ ಅಂತಾರೆ, ಅಂದರೆ ಬಿಡು. ಗಾಳಿಪಟಕ್ಕೂ ಅದೇ ಪದ, ನಮ್ಮ ಹಾಗೇ. ಸಿನಿಮಾದ ಪಾತ್ರಕ್ಕೆ ‘ಯೆನ್’. ಇವೆರಡೂ ‘ಪ್ಲೇ’ ಆಗುತ್ತವೆ, ಆದರೆ ಗಾಳಿಪಟ ಮಾತ್ರ ‘ಫ್ಲೈ’. ನಾಟಕ ಅನ್ನೋ ಅರ್ಥದ ‘ಪ್ಲೇ’ ಪಾಠದಲ್ಲಿ ಬಂದಾಗ ಹೇಳಿದರಾಯಿತು.

ಮಗಳ ವಯಸ್ಸು ನೀವು ಬರೆದಿಲ್ಲ. ಹತ್ತರೊಳಗಿದ್ದರೆ, ಗೆಳತಿಯರ ಜೊತೆ ‘ಪ್ಲೇ’ ಮಾಡಿದೆ ಅಂದಾಗ ಸುಮ್ನೆ ತಿದ್ದಬೇಡಿ, ಅದು ಸರಿಯಾಗಿಯೇ ಇದೆ. ಹೈಸ್ಕೂಲಿನವಳಾದರೆ ಅಮ್ಮನ ಜೊತೆಗೇ ಕೂರಿಸಿ ‘ಹ್ಯಾಂಗ್ ಔಟ್’ ಹೇಳಿಕೊಡಿ. ಮೊದಲು ಹಿಡಿಯುವವಳು ಅವಳೇ.

— ಸಂ.